ಹಳೇ 800, ಬಿಸಿಯಾಗುವ ಚೋಕ್: ಮಳೆಗಾಲದ ಒಂದು ಸ್ಟಾರ್ಟಿಂಗ್ ಪ್ರಕರಣ

ಕಾರು ಮಾರುತಿ 800, 1997ರ ಮಾಡೆಲ್. 796 ಸಿಸಿ, ಮೂರು ಸಿಲಿಂಡರ್. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್, ಎಂಜಿನ್ ತಣ್ಣಗಿರುವಾಗ ಗಾಳಿ ಕಡಿಮೆ ಮಾಡಲು ಕೈಯಲ್ಲಿ ಎಳೆಯುವ ಚೋಕ್ ಇರುವ ಹಳೇ ಜಾತಿ. ಇರುವುದು ಕೊಡಗಿನ ನಾಪೋಕ್ಲು ಕಡೆಯ ಒಂದು ಸಣ್ಣ ಕಾಫಿ ತೋಟದ ಮನೆಯಲ್ಲಿ. ಓಡಿಸುವವರು ನಿವೃತ್ತ ಶಾಲಾ ಶಿಕ್ಷಕಿ. ಊರಿಗೆಲ್ಲ ಅವರು ಟೀಚರ್. ನನಗೂ ಕಲಿಸಿದವರು, ಹಾಗಾಗಿ ಇಲ್ಲೂ ಟೀಚರ್ ಅಂತಲೇ ಬರೆಯುತ್ತೇನೆ.

ದೂರು ಇಷ್ಟೇ: ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ.

ನಾನು ಕಾರು ಮೆಕ್ಯಾನಿಕ್ ಅಲ್ಲ. ಪಂಪ್‌ಸೆಟ್ ಮೋಟಾರ್‌ಗಳ ರಿವೈಂಡಿಂಗ್ ನನ್ನ ಕೆಲಸ. ಎಂಜಿನ್ ಬಿಚ್ಚು ಅಂದರೆ ದೂರದಿಂದಲೇ ಕೈ ಮುಗಿಯುತ್ತೇನೆ. ಆದರೆ ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಕಾರಿನ ಸೆಲ್ಫ್ ಕೂಡ ಒಂದು ಮೋಟಾರೇ ಅಲ್ವಾ? ಕರೆಂಟ್ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ದಾರಿಯಲ್ಲಿ ಎಷ್ಟು ಕಳೆದುಹೋಯಿತು ಅಂತ ಹುಡುಕುವ ಲೆಕ್ಕ ಎರಡರಲ್ಲೂ ಒಂದೇ.

ಬಿಲ್‌ಗಳು ಹೇಳಿದ್ದು

ನಾನು ನೋಡುವ ಹೊತ್ತಿಗೆ ಕಾರಿಗೆ ಮೂರು ರಿಪೇರಿ ಆಗಿತ್ತು. ಟೀಚರ್ ಬಿಲ್‌ಗಳನ್ನೆಲ್ಲ ತಾರೀಕಿನ ಪ್ರಕಾರ ಒಂದು ನೋಟ್ ಪುಸ್ತಕದೊಳಗೆ ಅಂಟಿಸಿ ಇಟ್ಟಿದ್ದರು. ಅಭ್ಯಾಸಬಲ.

ಮೇ ತಿಂಗಳಲ್ಲಿ ಹೊಸ ಬ್ಯಾಟರಿ. ಹಾಕಿದ ಮೇಲೆ ಕೆಲವು ವಾರ ಕಾರು ಚೆನ್ನಾಗಿಯೇ ಎದ್ದಿತು. ಜೂನ್‌ನಲ್ಲಿ ಮಳೆ ಹಿಡಿಯಿತು, ತೊಂದರೆ ವಾಪಸ್ ಬಂತು. ಆಗ ಸೆಲ್ಫ್ ಮೋಟಾರ್ ಇಳಿಸಿ ಕಾರ್ಬನ್ ಬ್ರಷ್, ಬುಷ್ ಬದಲಿಸಿದರು. ಅದಾದ ಮೇಲೂ ಸ್ವಲ್ಪ ದಿನ ಆರಾಮ. ಜುಲೈನಲ್ಲಿ ಚೋಕ್ ಬಿಗಿಯಾಯಿತು, ಎಳೆದರೆ ಬರುವುದಿಲ್ಲ, ಬಂದರೆ ವಾಪಸ್ ಹೋಗುವುದಿಲ್ಲ. ಚೋಕ್ ಕೇಬಲ್ ಹೊಸದು ಹಾಕಿದರು. ಮತ್ತೆ ನಾಲ್ಕು ದಿನ ಸುಖ. ಆಮೇಲೆ ಕಾರೂ ಏಳದು, ಆ ಹೊಸ ಚೋಕ್ ಕೇಬಲ್ಲೂ ಬಿಗಿ.

ಈಗ ಗ್ಯಾರೇಜಿನಲ್ಲಿ ಕಾರ್ಬ್ಯುರೇಟರ್ ಬದಲಿಸಬೇಕು ಅಂದಿದ್ದರು. ಅದನ್ನು ಕೇಳಿಯೇ ಟೀಚರ್ ನನಗೆ ಫೋನ್ ಮಾಡಿದ್ದು.

“ಏನಪ್ಪಾ, ನಿನ್ನ ಮೋಟಾರ್ ಬುದ್ಧಿ ಕಾರಿಗೂ ಓಡುತ್ತಾ? ಮೊದಲು ಬ್ಯಾಟರಿ ಅಂದ್ರು, ಆಮೇಲೆ ಸೆಲ್ಫ್ ಅಂದ್ರು. ಈಗ ಕಾರ್ಬ್ಯುರೇಟರ್ ಅಂತಾರೆ. ಹೀಗೇ ಹೋದ್ರೆ ಕೊನೆಗೆ ಡ್ರೈವರ್‌ನೇ ಬದಲಾಯಿಸಿ ಅಂತಾರೆ.”

ಗ್ಯಾರೇಜಿನವರನ್ನು ನಾನು ಬಯ್ಯುವುದಿಲ್ಲ. ಅವರು ಹಾಕಿದ ಪ್ರತಿಯೊಂದು ಸಾಮಾನೂ ಸ್ವಲ್ಪ ದಿನ ಕೆಲಸ ಮಾಡಿದ ಹಾಗೆ ಕಂಡಿದೆ. ಕೆಲಸ ಮಾಡಿತು ಅಂದ ಮೇಲೆ ರೋಗ ಅಲ್ಲೇ ಇತ್ತು ಅಂತ ಯಾರಿಗಾದರೂ ಅನಿಸುತ್ತದೆ. ಈ ಪ್ರಕರಣವನ್ನು ಬರೆದಿಡಬೇಕು ಅನಿಸಿದ್ದೂ ಅದಕ್ಕೇ. ಇಲ್ಲಿ ರೋಗ ಒಂದೇ ಇತ್ತು. ಅದಕ್ಕೆ ಸಂಬಂಧವೇ ಇಲ್ಲದ ಮೂರು ಸಾಮಾನು ಅದನ್ನು ಒಂದಿಷ್ಟು ದಿನ ಮುಚ್ಚಿಟ್ಟವು.

ಕೇಳಿದ ಪ್ರಶ್ನೆಗಳು

‘ಸ್ಟಾರ್ಟ್ ಆಗುವುದಿಲ್ಲ’ ಅನ್ನುವ ಮಾತಿನಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇರುತ್ತವೆ. ಸೆಲ್ಫ್ ಎಂಜಿನ್ನನ್ನು ಸರಿಯಾಗಿ ತಿರುಗಿಸುತ್ತಿಲ್ಲ, ಇದು ಒಂದು. ತಿರುಗಿಸುತ್ತಿದೆ, ಆದರೆ ಎಂಜಿನ್ ಹೊತ್ತಿಕೊಳ್ಳುತ್ತಿಲ್ಲ, ಇದು ಇನ್ನೊಂದು. ಮೊದಲನೆಯದಕ್ಕೆ ಬ್ಯಾಟರಿ, ಕೇಬಲ್, ಸೆಲ್ಫ್ ನೋಡಬೇಕು. ಎರಡನೆಯದಕ್ಕೆ ಪೆಟ್ರೋಲ್ ಮತ್ತು ಕಿಡಿ. ಇದನ್ನು ಬೇರೆ ಮಾಡದೆ ಸ್ಪ್ಯಾನರ್ ಹಿಡಿದರೆ ದುಡ್ಡು ದಂಡ.

ಕೀ ತಿರುಗಿಸಿದಾಗ ಬರುವ ಸದ್ದೇ ಅರ್ಧ ಹೇಳುತ್ತದೆ. ಏನೂ ಸದ್ದಿಲ್ಲ ಅಂದರೆ ಇಗ್ನಿಷನ್ ಸ್ವಿಚ್, ಅದರಿಂದ ಸೆಲ್ಫ್‌ಗೆ ಹೋಗುವ ಸಣ್ಣ ವಯರ್, ಇಲ್ಲವೇ ಬ್ಯಾಟರಿ ಪೂರ್ತಿ ಖಾಲಿ. ‘ಟಕ ಟಕ ಟಕ’ ಅಂತ ಒಂದೇ ಸಮ ಬಡಿದುಕೊಂಡರೆ ವೋಲ್ಟೇಜ್ ಸಾಲುತ್ತಿಲ್ಲ. ಒಂದೇ ಒಂದು ‘ಟಕ್’ ಆಗಿ ಸುಮ್ಮನಾದರೆ ಸೆಲ್ಫ್‌ನ ದೊಡ್ಡ ಸ್ವಿಚ್ಚಾದ ಸೊಲೆನಾಯ್ಡ್ ಎಳೆದಿದೆ, ಮೋಟಾರ್ ತಿರುಗಿಲ್ಲ. ‘ಗುಂಯ್’ ಅಂತ ಮೋಟಾರ್ ಮಾತ್ರ ಸುತ್ತಿ ಎಂಜಿನ್ ಅಲುಗಾಡದಿದ್ದರೆ ಮೋಟಾರಿನ ಸಣ್ಣ ಹಲ್ಲುಚಕ್ರ, ಅಂದರೆ ಪಿನಿಯನ್, ಎಂಜಿನ್ನಿನ ಹಲ್ಲಿಗೆ ಕೂರುತ್ತಿಲ್ಲ.

ಟೀಚರ್ ಕಾರಿನ ಸದ್ದು ಇದ್ಯಾವುದೂ ಆಗಿರಲಿಲ್ಲ. ‘ಗ್ರ್ರ್... ಗ್ರ್ರ್... ಗ್ರ್ರ್’ ಅಂತ ನಿಧಾನಕ್ಕೆ, ಕಷ್ಟಪಟ್ಟು ತಿರುಗುತ್ತಿತ್ತು. ತಿರುಗುತ್ತಿತ್ತು, ಹೊತ್ತಿಕೊಳ್ಳುತ್ತಿರಲಿಲ್ಲ. ಎರಡು ಕಾಯಿಲೆಯೂ ಒಟ್ಟಿಗೆ ಇದ್ದ ಹಾಗೆ.

ಬಾನೆಟ್ ಎತ್ತುವ ಮೊದಲು ಟೀಚರ್ ಹತ್ತಿರ ಒಂದಷ್ಟು ಕೇಳಿದೆ. ಪೇಟೆಗೆ ಹೋಗಿ ಒಂದು ಗಂಟೆ ನಿಲ್ಲಿಸಿದರೆ? “ಆಗ ತೊಂದರೆ ಇಲ್ಲ, ಹೇಗೋ ಆಗುತ್ತೆ. ಬೆಳಿಗ್ಗೆ ಮನೆಯಲ್ಲೇ ಇದರ ಹಟ.” ತಳ್ಳಿದರೆ? “ತಳ್ಳೋದೇ ಬೇಡ. ಕಣದಿಂದ ಗೇಟಿನ ಕಡೆ ಬಿಟ್ಟು ಎರಡನೇ ಗೇರಲ್ಲಿ ಕ್ಲಚ್ ಬಿಟ್ರೆ ತಕ್ಷಣ ಎದ್ದು ಕೂರುತ್ತೆ.” ಕೊಡಗಿನಲ್ಲಿ ಇಳಿಜಾರಿಗೆ ಬರ ಇಲ್ಲ. ಇಲ್ಲಿ ಎಷ್ಟೋ ಹಳೇ ಗಾಡಿಗಳು ವರ್ಷಗಟ್ಟಲೆ ಇಳಿಜಾರಿನ ಪುಣ್ಯದಲ್ಲೇ ಓಡುತ್ತವೆ.

ಇನ್ನೊಂದು ವಿಷಯವನ್ನು ಟೀಚರ್ ತಾವಾಗಿಯೇ ಹೇಳಿದರು. “ಒಂದು ತಮಾಷೆ ಇದೆ. ಸೆಲ್ಫ್ ಹೊಡೀತಾ ಇದ್ದರೆ ಆಗಲ್ಲ. ಸಾಕು ಅಂತ ಕೀ ಬಿಡ್ತೀನಲ್ಲ, ಆ ಕ್ಷಣದಲ್ಲಿ ಒಮ್ಮೊಮ್ಮೆ ಹೊತ್ಕೊಂಡು ಬಿಡುತ್ತೆ.”

ಅವರಿಗೆ ಅದು ತಮಾಷೆ. ನನಗೆ ಅಲ್ಲೇ ಕಿವಿ ನೆಟ್ಟಗಾಯಿತು. ಇಳಿಜಾರಿನಲ್ಲಿ ತಕ್ಷಣ ಏಳುತ್ತದೆ ಅಂದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇದೆ, ಕಂಪ್ರೆಷನ್ ಇದೆ. ಕೀ ಬಿಟ್ಟ ಕ್ಷಣ ಹೊತ್ತಿಕೊಳ್ಳುತ್ತದೆ ಅಂದರೆ ಸೆಲ್ಫ್ ಕರೆಂಟ್ ಎಳೆಯುವಾಗ ಮಾತ್ರ ಕಿಡಿ ಸೊರಗುತ್ತಿದೆ. ಸೆಲ್ಫ್ ನಿಂತ ಕೂಡಲೇ ಕಿಡಿಗೆ ಜೀವ ಬರುತ್ತದೆ, ಎಂಜಿನ್ ಇನ್ನೂ ಅರ್ಧ ಸುತ್ತು ತಿರುಗುತ್ತಿರುತ್ತದೆ, ಅಷ್ಟರಲ್ಲಿ ಹಿಡಿದುಕೊಳ್ಳುತ್ತದೆ. ಇಷ್ಟು ಕೇಳಿದ ಮೇಲೆ ಕಾರ್ಬ್ಯುರೇಟರ್ ಬದಲಿಸುವ ಮಾತು ಬದಿಗಿಡಬಹುದಿತ್ತು.

ಕಾರ್ಬ್ಯುರೇಟರ್ ಮೇಲೆ ಅನುಮಾನ ಯಾಕೆ ಬಂತು ಅಂದರೆ ಪ್ಲಗ್ ಕಪ್ಪಾಗಿ ಒದ್ದೆಯಾಗಿತ್ತು, ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು. ಚೋಕ್ ಎಳೆದು ಹೊತ್ತಿಕೊಳ್ಳದ ಎಂಜಿನ್ನನ್ನು ಮತ್ತೆ ಮತ್ತೆ ತಿರುಗಿಸಿದರೆ ಯಾವ ಪ್ಲಗ್ ಆದರೂ ಒದ್ದೆಯಾಗುತ್ತದೆ. ಎತ್ತರದ ಜಾಗದಲ್ಲಿ ಕಾರ್ಬ್ಯುರೇಟರ್ ರಿಚ್ ಆಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿಯಾಗುತ್ತದೆ ಅನ್ನುವ ಮಾತೂ ಬಂದಿತ್ತಂತೆ. ಅದು ನಿಜ. ಮಡಿಕೇರಿ 1,150 ಮೀಟರ್ ಆಸುಪಾಸಿನ ಎತ್ತರದಲ್ಲಿದೆ, ಅಲ್ಲಿ ಗಾಳಿ ಸಮುದ್ರ ಮಟ್ಟಕ್ಕಿಂತ ನೂರಕ್ಕೆ ಹತ್ತರಷ್ಟು ತೆಳು. ನಾಪೋಕ್ಲು ಅದಕ್ಕಿಂತ ತಗ್ಗು. ಆದರೆ ಎತ್ತರ ವರ್ಷವಿಡೀ ಇರುತ್ತದಲ್ಲ, ಮೇ ತಿಂಗಳಲ್ಲಿ ಹೊಸದಾಗಿ ಬರುವುದಿಲ್ಲ.

ಅನುಮಾನ ಪೂರ್ತಿ ತೀರಲಿ ಅಂತ ಏರ್ ಫಿಲ್ಟರ್ ಮುಚ್ಚಳ ತೆಗೆದು, ಎಂಜಿನ್ ಆಫ್ ಇರುವಾಗಲೇ ಆಕ್ಸಿಲರೇಟರ್ ಲಿವರ್ ಒತ್ತಿ ಕಾರ್ಬ್ಯುರೇಟರ್ ಬಾಯಿಯೊಳಗೆ ನೋಡಿದೆ. ಪೆಟ್ರೋಲ್ ಸಣ್ಣ ಧಾರೆಯಾಗಿ ಚಿಮ್ಮಿತು. ಬೌಲ್‌ನಲ್ಲಿ ಪೆಟ್ರೋಲ್ ಇದೆ, ಪಂಪ್ ಕೆಲಸ ಮಾಡುತ್ತಿದೆ. ಆ ಕಡೆ ಅಷ್ಟು ಸಾಕು.

ಲೈಟ್ ಹಾಕಿ ಸೆಲ್ಫ್ ಹೊಡೆದಾಗ

ಮೀಟರ್ ತೆಗೆಯುವ ಮೊದಲು ಮಾಡುವ ಒಂದು ಪರೀಕ್ಷೆ ಇದೆ. ಇದಕ್ಕೆ ಏನೂ ಬೇಕಾಗಿಲ್ಲ. ಹೆಡ್‌ಲೈಟ್ ಹಾಕಿ, ಗೋಡೆಗೆ ಬೆಳಕು ಬೀಳುವ ಹಾಗೆ ನಿಲ್ಲಿಸಿ, ಸೆಲ್ಫ್ ಹೊಡೆಯಬೇಕು. ಬ್ಯಾಟರಿ ಸೋತಿದ್ದರೆ ಲೈಟ್ ಸಾಯುವ ಹಾಗೆ ಮಂಕಾಗುತ್ತದೆ. ಸೆಲ್ಫ್ ಜಾಮ್ ಆಗಿ ಕರೆಂಟ್ ಜಾಸ್ತಿ ಎಳೆದರೂ ಹಾಗೇ.

ಇಲ್ಲಿ ಸೆಲ್ಫ್ ನರಳುತ್ತಿತ್ತು, ಗೋಡೆ ಮೇಲಿನ ಬೆಳಕು ಮಾತ್ರ ಸ್ವಲ್ಪವೇ ಕುಗ್ಗಿತು. ಬ್ಯಾಟರಿಯಲ್ಲಿ ಶಕ್ತಿ ಇದೆ, ಅದು ಸೆಲ್ಫ್‌ವರೆಗೆ ಹೋಗುತ್ತಿಲ್ಲ ಅಂತ ಆಯಿತು.

ಇದನ್ನು ಟೀಚರ್‌ಗೆ ಹೇಳಿದೆ. ಅವರು ಒಂದು ನಿಮಿಷ ಯೋಚಿಸಿ, “ಅಂದ್ರೆ ಕೆರೆ ಹತ್ತಿರ ಪಂಪಲ್ಲಿ ಪ್ರೆಶರ್ ಇದೆ, ಮೇಲೆ ತೋಟದಲ್ಲಿ ಜೆಟ್ ತಿರುಗ್ತಿಲ್ಲ ಅಂತಾಯ್ತು” ಅಂದರು. ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಿದವರಿಗೆಲ್ಲ ಇದು ಗೊತ್ತು. ಪೈಪಿನೊಳಗೆ ಎಲ್ಲೋ ಕಸ ಕಟ್ಟಿದ್ದರೆ ಪಂಪಿನ ಗೇಜ್ ಪ್ರೆಶರ್ ಚೆನ್ನಾಗಿಯೇ ತೋರಿಸುತ್ತದೆ. ಕಸ ಎಲ್ಲಿದೆ ಅಂತ ತಿಳಿಯಬೇಕಾದರೆ ನೀರು ಹರಿಯುವಾಗ ಪೈಪಿನ ಒಂದೊಂದು ಜಾಗದಲ್ಲೂ ಪ್ರೆಶರ್ ನೋಡಬೇಕು. ವಾಲ್ವ್ ಮುಚ್ಚಿಟ್ಟು ನೋಡಿದರೆ ಎಲ್ಲ ಕಡೆಯೂ ಒಂದೇ ತೋರಿಸುತ್ತದೆ. ಕಾರಿನಲ್ಲಿ ಮಾಡಬೇಕಾದ್ದೂ ಇದೇ.

ಮೀಟರ್ ಲೆಕ್ಕ

ಮಳೆ ಸುರಿಯುತ್ತಿತ್ತು. ಜೋರು ಮಳೆಯ ಕೊಡವ ತಿಂಗಳು ಕಕ್ಕಡ ಬೇರೆ. ಕಾರು ಶೆಡ್‌ನಲ್ಲೇ ಇತ್ತು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಹೊತ್ತಿಕೊಳ್ಳದ ಹಾಗೆ ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್‌ಗೆ ಬರುವ ಸಣ್ಣ ವಯರ್ ಬಿಚ್ಚಿಟ್ಟೆ. ಟೀಚರ್ ಕೀ ಹತ್ತಿರ, ನಾನು ಮೀಟರ್ ಹತ್ತಿರ. ಒಂದು ಸಲಕ್ಕೆ ಕೆಲವೇ ಸೆಕೆಂಡ್ ಹೊಡೆಯುವುದು, ಮಧ್ಯೆ ಬಿಡುವು ಕೊಡುವುದು. ಹತ್ತು ಸೆಕೆಂಡ್ ದಾಟಿ ಹೊಡೆದರೆ ಸೆಲ್ಫ್ ಒಳಗೆ ಬಿಸಿಯಾಗುತ್ತದೆ.

ಬ್ಯಾಟರಿ ಸುಮ್ಮನೆ ಇರುವಾಗ 12.5 ವೋಲ್ಟ್. ಪೂರ್ತಿ ಚಾರ್ಜ್ ಆದದ್ದು 12.6, 12.7 ತೋರಿಸುತ್ತದೆ, 12.2ಕ್ಕೆ ಬಂದರೆ ಅರ್ಧ ಖಾಲಿ ಅಂತ ಲೆಕ್ಕ. ಹಾಗೆ ನೋಡಿದರೆ 12.5 ಚೆನ್ನಾಗಿಯೇ ಇದೆ. ಸೆಲ್ಫ್ ಹೊಡೆಯುವಾಗ 10.9. ಸಾಮಾನ್ಯವಾಗಿ 9.6ಕ್ಕಿಂತ ಕೆಳಗೆ ಇಳಿಯದಿದ್ದರೆ ಬ್ಯಾಟರಿ ಪಾಸ್. ಇಲ್ಲಿ 10.9, ಅಷ್ಟೊಂದು ಕಷ್ಟಪಟ್ಟು ತಿರುಗುವ ಮೋಟಾರಿಗೆ ಇದು ತೀರಾ ಜಾಸ್ತಿಯೇ. ನರಳುವ ಮೋಟಾರ್ ಕರೆಂಟ್ ಜಾಸ್ತಿ ಎಳೆದು ಬ್ಯಾಟರಿಯನ್ನು ಬೀಳಿಸಬೇಕು. ಬೀಳಿಸಿಲ್ಲ ಅಂದರೆ ಅದಕ್ಕೆ ಎಳೆಯಲು ಬಿಡುತ್ತಿಲ್ಲ.

ಪಾಸಿಟಿವ್ ಕಡೆಯಿಂದ ಶುರು ಮಾಡಿದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೆ, ಇನ್ನೊಂದು ಸೆಲ್ಫ್ ಮೋಟಾರಿಗೆ ಹೋಗುವ ದಪ್ಪ ಬೋಲ್ಟ್ ಮೇಲೆ. ಸೆಲ್ಫ್ ಹೊಡೆದಾಗ 0.3 ವೋಲ್ಟ್. ಈ ಕಡೆ ಅರ್ಧ ವೋಲ್ಟ್ ಒಳಗಿದ್ದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಆಮೇಲೆ ನೆಗೆಟಿವ್ ಕಡೆ. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ. ಇಲ್ಲಿ 0.2 ದಾಟಬಾರದು. ತೋರಿಸಿದ್ದು 2.8.

ಅಷ್ಟು ವೋಲ್ಟ್ ವಾಪಸ್ ಬರುವ ದಾರಿಯಲ್ಲೇ ಸತ್ತಿತ್ತು. ಲೆಕ್ಕ ಹಾಕಿ ನೋಡಿ: 10.9ರಲ್ಲಿ 0.3 ಮತ್ತು 2.8 ಕಳೆದರೆ ಸೆಲ್ಫ್‌ಗೆ ನಿಜವಾಗಿ ಸಿಕ್ಕಿದ್ದು 7.8 ವೋಲ್ಟ್. ಬೆಳಗಿನ ಚಳಿಯಲ್ಲಿ, ಆಯಿಲ್ ಗಟ್ಟಿಯಾಗಿರುವ ಎಂಜಿನ್ನನ್ನು ತಿರುಗಿಸಲು ಅದು ಸಾಲದು. ಬಿಸಿ ಎಂಜಿನ್ ಹಗುರವಾಗಿ ತಿರುಗುತ್ತದೆ, ಚೋಕೂ ಬೇಡ, ಅದಕ್ಕೇ ಪೇಟೆಯಲ್ಲಿ ನಿಲ್ಲಿಸಿದಾಗ ಹೇಗೋ ಏಳುತ್ತಿತ್ತು.

ನೆಗೆಟಿವ್ ದಾರಿಯಲ್ಲಿ ಎರಡು ತುಂಡು ಇತ್ತು. ಈ ಕಾರಿನ ಕೇಬಲ್‌ಗಳನ್ನು ಹಿಂದೆ ಯಾವಾಗಲೋ ಯಾರೋ ಬದಲಿಸಿದ್ದರು. ಈಗ ಇದ್ದದ್ದು ಹೀಗೆ: ಬ್ಯಾಟರಿ ನೆಗೆಟಿವ್‌ನಿಂದ ಬಾಡಿಗೆ ಒಂದು ಕೇಬಲ್, ಬಾಡಿಯಿಂದ ಗೇರ್‌ಬಾಕ್ಸಿಗೆ ತಾಮ್ರದ ಹೆಣೆದ ಪಟ್ಟಿ. ಮೊದಲ ತುಂಡಿನಲ್ಲಿ 0.1. ಉಳಿದ 2.7 ಪೂರ್ತಿ ಆ ತಾಮ್ರದ ಪಟ್ಟಿಯಲ್ಲಿ. ಹೆಡ್‌ಲೈಟ್ ಮಂಕಾಗದೆ ಇದ್ದದ್ದು ಯಾಕೆ ಅಂತಲೂ ಇಲ್ಲೇ ಗೊತ್ತಾಯಿತು. ಲೈಟಿನ ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಬಾಡಿಗೆ; ಬಾಡಿ ಅರ್ತ್ ಗಟ್ಟಿ. ಎಂಜಿನ್ ಅರ್ತ್ ಮಾತ್ರ ಹೋಗಿತ್ತು.

ಬೀಪ್ ಸದ್ದಿನ ಮೋಸ

ಇಲ್ಲಿ ಒಂದು ವಿಷಯ ಜೋರಾಗಿ ಹೇಳಬೇಕು. ಗ್ಯಾರೇಜಿನಲ್ಲಿ ಆ ಪಟ್ಟಿಯನ್ನು ನೋಡಿದ್ದರಂತೆ. ಮೀಟರನ್ನು ಬೀಪ್‌ಗೆ ಇಟ್ಟು ಎರಡು ತುದಿಗೆ ಮುಟ್ಟಿಸಿದರೆ ‘ಪೀ’ ಅಂದಿದೆ. ಅರ್ತ್ ಓಕೆ ಅಂದಿದ್ದಾರೆ.

ನಾನೂ ಮುಟ್ಟಿಸಿದೆ. ‘ಪೀ’ ಅಂದಿತು.

ಸಾಮಾನ್ಯ ಮೀಟರ್ ಕೆಲವು ಹತ್ತು ಓಮ್‌ಗಿಂತ ಕಡಿಮೆ ಇದ್ದರೆ ಸಾಕು, ಬೀಪ್ ಮಾಡುತ್ತದೆ. ಪಟ್ಟಿಯ ನೂರಾರು ಎಳೆಯಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಸೆಲ್ಫ್ ಎಳೆಯುವುದು ಸುಮಾರು ನೂರು ಆಂಪಿಯರ್. ಅಷ್ಟು ಕರೆಂಟ್ ಹರಿಯುವಾಗ ದಾರಿಯಲ್ಲಿ 0.03 ಓಮ್ ಇದ್ದರೂ 3 ವೋಲ್ಟ್ ಅಲ್ಲೇ ಹೋಯಿತು. 0.03 ಓಮ್ ಅಳೆಯುವ ಶಕ್ತಿ ನಮ್ಮ ಕೈಯಲ್ಲಿರುವ ಮೀಟರಿಗೆ ಇಲ್ಲ, ಅದರ ಕಡ್ಡಿಗಳ ವಯರ್‌ನ ರೆಸಿಸ್ಟೆನ್ಸೇ ಅದಕ್ಕಿಂತ ಜಾಸ್ತಿ. ದಪ್ಪ ಕೇಬಲ್ ಪರೀಕ್ಷೆಗೆ ಬೀಪ್ ಮತ್ತು ಓಮ್ ಎರಡೂ ಬೇಡ. ಸೆಲ್ಫ್ ಹೊಡೆಸಿ, ವೋಲ್ಟ್‌ನಲ್ಲಿ ಇಟ್ಟು, ಎರಡು ತುದಿಯ ನಡುವೆ ಎಷ್ಟು ಬೀಳುತ್ತದೆ ನೋಡಬೇಕು. ಮೋಟಾರ್ ಕೆಲಸದವನಿಗೆ ಇದು ದಿನದ ಮಾತು, ಕಾರು ಕೆಲಸದಲ್ಲಿ ಮಾತ್ರ ಯಾಕೋ ಇದನ್ನು ಮಾಡುವವರು ಕಡಿಮೆ.

ಪಟ್ಟಿ ಬಿಚ್ಚುವ ಮೊದಲು ಖಾತ್ರಿ ಮಾಡಿಕೊಳ್ಳಲು ಜಂಪರ್ ಕೇಬಲ್ ತಂದೆ. ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ನೇರವಾಗಿ ಎಂಜಿನ್ನಿನ ಒಂದು ಬೋಲ್ಟಿಗೆ. ಕಾಯಿಲ್ ವಯರ್ ಮತ್ತೆ ಸಿಕ್ಕಿಸಿ, ಹೊಡೀರಿ ಟೀಚರ್ ಅಂದೆ. ಎರಡೇ ಸುತ್ತು. ಕಾರು ಎದ್ದಿತು. ಟೀಚರ್ ಕೀ ಬಿಡುವುದನ್ನೇ ಮರೆತು ಸೆಲ್ಫ್ ‘ಕರ್ರ್’ ಅಂತ ಕಿರುಚಿತು.

ಚೋಕ್ ಯಾಕೆ ಸಾಯುತ್ತಿತ್ತು

ಈಗ ಆ ಮೂರನೇ ಬಿಲ್. ಹೊಸ ಚೋಕ್ ಕೇಬಲ್ ಕೆಲವೇ ದಿನಗಳಲ್ಲಿ ಯಾಕೆ ಬಿಗಿಯಾಯಿತು?

ಅರ್ತ್ ಪಟ್ಟಿ ಕೆಟ್ಟರೆ ಕರೆಂಟ್ ಸುಮ್ಮನಿರುವುದಿಲ್ಲ. ಎಂಜಿನ್‌ನಿಂದ ಬಾಡಿಗೆ ಹೋಗಲು ಬೇರೆ ಲೋಹದ ದಾರಿ ಹುಡುಕುತ್ತದೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ಅಲ್ಲಿ ದಾರಿ ಇಲ್ಲ. ಉಳಿದದ್ದು ಕಾರ್ಬ್ಯುರೇಟರ್‌ನಿಂದ ಡ್ಯಾಶ್‌ಬೋರ್ಡ್‌ಗೆ ಬರುವ ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಅಂಥವು. ಸೈಕಲ್ ಬ್ರೇಕ್ ತಂತಿಯಷ್ಟು ದಪ್ಪದ ಕೇಬಲ್ ಮೇಲೆ ಸೆಲ್ಫ್ ಮೋಟಾರಿನ ಕರೆಂಟ್ ಹರಿದರೆ ಕಾಯದೆ ಇರುತ್ತದಾ? ನೂರು ಆಂಪಿಯರ್, 3 ವೋಲ್ಟ್ ಅಂದರೆ ಸುಮಾರು 300 ವ್ಯಾಟ್ ಬಿಸಿ. ಅದರಲ್ಲಿ ಒಂದು ಪಾಲು ಬಿದ್ದರೂ ಒಳಗಿನ ಪ್ಲಾಸ್ಟಿಕ್ ಪದರ ಕರಗಿ ತಂತಿ ಹಿಡಿದುಕೊಳ್ಳುತ್ತದೆ.

ಜಂಪರ್ ತೆಗೆದು ಇನ್ನೊಮ್ಮೆ ಸೆಲ್ಫ್ ಹೊಡೆಸಿ ಚೋಕ್ ಕೇಬಲ್‌ನ ಹೊರಕವಚ ಮುಟ್ಟಿ ನೋಡಿದೆ. ಬಿಸಿ. ಆಕ್ಸಿಲರೇಟರ್ ಕೇಬಲ್ ಬೆಚ್ಚಗೆ. “ಒಂದೆರಡು ಸಲ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದಿತ್ತು, ಕ್ಲಚ್ ಇರಬೇಕು ಅಂದ್ಕೊಂಡೆ” ಅಂದರು ಟೀಚರ್. ಯಾರೂ ಕೇಳದ್ದಕ್ಕೆ ಅವರೂ ಹೇಳಿರಲಿಲ್ಲ. ನನ್ನ ಪ್ರಕಾರ ಇಡೀ ಪ್ರಕರಣದ ಕೀಲಿ ಆ ಚೋಕ್ ಬಿಲ್‌ನಲ್ಲೇ ಇತ್ತು. ಸ್ಟಾರ್ಟಿಂಗ್ ತೊಂದರೆ ಇರುವ ಹಳೇ ಕಾರಿನಲ್ಲಿ ಯಾವುದೇ ಕೇಬಲ್ ಕಾರಣವಿಲ್ಲದೆ ಬಿಗಿಯಾದರೆ, ಬಿಸಿಯಾದರೆ, ಮೊದಲು ಎಂಜಿನ್ ಅರ್ತ್ ನೋಡಬೇಕು.

ಎಲ್ಲವನ್ನೂ ಜೋಡಿಸಿದರೆ ಹೀಗಾಗುತ್ತದೆ. ಅರ್ತ್ ಕೆಟ್ಟಿದ್ದಕ್ಕೆ ಸೆಲ್ಫ್ ನಿಧಾನ. ಕಾಯಿಲ್‌ನ ಕರೆಂಟೂ ಡಿಸ್ಟ್ರಿಬ್ಯೂಟರ್ ಮೂಲಕ ಎಂಜಿನ್ ಅರ್ತ್‌ಗೇ ಹೋಗಬೇಕು. ಹಾಗಾಗಿ ಸೆಲ್ಫ್ ಹೊಡೆಯುವಾಗ ಕಾಯಿಲ್‌ಗೂ 8 ವೋಲ್ಟ್ ಆಸುಪಾಸು ಮಾತ್ರ, ಕಿಡಿ ಬಡಕಲು. ಚೋಕ್ ಕೇಬಲ್ ಸುಟ್ಟು ಬಿಗಿಯಾದ್ದರಿಂದ ಚೋಕ್ ಪೂರ್ತಿ ಮುಚ್ಚುವುದಿಲ್ಲ, ಚಳಿಯಲ್ಲಿ ಬೇಕಾದ ಮಿಶ್ರಣ ಸಿಗುವುದಿಲ್ಲ. ಮೂರೂ ಒಟ್ಟಿಗೆ ಸೇರಿ ಬೆಳಿಗ್ಗೆ ಹಟ ಮಾಡುತ್ತವೆ.

ಹಾಗಾದರೆ ಆ ಮೂರು ರಿಪೇರಿಗಳು ಸ್ವಲ್ಪ ದಿನ ಕೆಲಸ ಮಾಡಿದ್ದು ಹೇಗೆ? ಹೊಸ ಬ್ಯಾಟರಿ ಲೋಡ್ ಬಿದ್ದಾಗಲೂ ವೋಲ್ಟೇಜನ್ನು ಗಟ್ಟಿಯಾಗಿ ಹಿಡಿಯುತ್ತದೆ, ಪಟ್ಟಿ ಆಗ ಇನ್ನೂ ಅರ್ಧ ಚೆನ್ನಾಗಿತ್ತು, ಕೊರತೆ ತುಂಬಿತು. ಸೆಲ್ಫ್ ಇಳಿಸಿ ಏರಿಸುವಾಗ ಅಕ್ಕಪಕ್ಕದ ಬೋಲ್ಟು, ಪಟ್ಟಿ ಎಲ್ಲ ಅಲುಗಾಡಿ ತುಕ್ಕು ಒಂಚೂರು ಉಜ್ಜಿಹೋಗಿರುತ್ತದೆ. ಬ್ರಷ್ ಸವೆದದ್ದೂ ನಿಜವೇ ಇರಬಹುದು, ಅಷ್ಟು ವರ್ಷದ ಮೋಟಾರ್. ಮೂರನೆಯದು ನನಗೆ ಬಹಳ ಇಷ್ಟವಾದ ಉತ್ತರ. ಹೊಸ ಚೋಕ್ ಕೇಬಲ್ ಹಾಕಿದಾಗ ಎಂಜಿನ್ನಿಗೆ ಹೊಚ್ಚಹೊಸ ಅರ್ತ್ ವಯರ್ ಸಿಕ್ಕಿದ ಹಾಗಾಯಿತು. ಅದು ಸುಟ್ಟುಕೊಳ್ಳುವವರೆಗೆ ಕಾರು ಓಡಿತು.

ಪಟ್ಟಿ ಬಿಚ್ಚಿದಾಗ

ಗೇರ್‌ಬಾಕ್ಸ್ ಕಡೆಯ ತುದಿ ಮಣ್ಣು, ಆಯಿಲ್ ಮೆತ್ತಿ ಕಾಣುತ್ತಲೇ ಇರಲಿಲ್ಲ. ಒರೆಸಿದಾಗ ಹಸಿರು. ತಾಮ್ರದ ಎಳೆಗಳು ಬೆರಳಲ್ಲಿ ಪುಡಿಯಾದವು, ಕೆಲವು ಎಳೆ ಮಾತ್ರ ಬೋಲ್ಟ್ ಕೂರುವ ತುದಿಯ ಲಗ್‌ಗೆ ಅಂಟಿಕೊಂಡಿದ್ದವು. ಬಾಡಿ ಕಡೆಯ ಬೋಲ್ಟ್ ಕೆಳಗೆ ಯಾರೋ ಪೇಂಟ್ ಹೊಡೆದಿದ್ದರು. ಪೇಂಟ್ ಮೇಲೆ ಅರ್ತ್ ಕೂರಿಸಿದರೆ ಅದು ಅರ್ತ್ ಆಗುವುದಿಲ್ಲ.

ಈ ಕಾರು ಇಷ್ಟು ಬೇಗ ಹಸಿರಾಗಲು ಮಳೆಯ ಜೊತೆ ಇನ್ನೊಂದು ಕಾರಣ ಶೆಡ್‌ನಲ್ಲೇ ಕಣ್ಣಿಗೆ ಬಿತ್ತು. ಕಾರಿನ ಮೂತಿಯ ಎದುರಿಗೇ ಗೊಬ್ಬರದ ಚೀಲಗಳು. ಯೂರಿಯಾ ಮತ್ತು ಪೊಟ್ಯಾಷ್, ಬಾಯಿ ಬಿಚ್ಚಿದ್ದು. ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಉಪ್ಪಿನ ಜಾತಿಯದೇ. ಮಳೆಗಾಲದ ಥಂಡಿ ಗಾಳಿಯಲ್ಲಿ ಅದರ ಪುಡಿ ಹೋಗಿ ಕೂತಲ್ಲೆಲ್ಲ ಲೋಹ ತಿನ್ನುತ್ತದೆ. ಶೆಡ್ ಬಾಗಿಲು ನೋಡಿದರೆ ಸಾಕಿತ್ತು. ಚೀಲದ ಪಕ್ಕದ ಕೀಲು ತುಕ್ಕು ಹಿಡಿದು ಪುಡಿಯಾಗಿತ್ತು, ಆಚೆ ಬದಿಯದು ಗಟ್ಟಿಯಾಗೇ ಇತ್ತು. ತೋಟದ ಮನೆಗಳಲ್ಲಿ ಕಾರಿಗೂ ಗೊಬ್ಬರಕ್ಕೂ ಒಂದೇ ಶೆಡ್ ಇರುವುದು ಮಾಮೂಲಿ. ಟೀಚರ್ ಅವತ್ತೇ ತೋಟದ ಲೆಕ್ಕ ನೋಡುವ ರೈಟರನ್ನು ಕರೆದು ಚೀಲಗಳನ್ನು ಕೆಲಸದವರ ಲೈನ್ ಮನೆಯ ಪಕ್ಕದ ಕೊಟ್ಟಿಗೆಗೆ ಸಾಗಿಸಿದರು.

ರಿಪೇರಿ ದೊಡ್ಡದೇನಲ್ಲ. 25 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಬೇಕಾದ ಉದ್ದಕ್ಕೆ ಕತ್ತರಿಸಿ, ಎರಡೂ ತುದಿಗೆ ಲಗ್ ಪಂಚ್ ಮಾಡಿದೆ. ಎರಡು ಕಡೆಯ ಜಾಗವನ್ನೂ ಉಪ್ಪುಕಾಗದದಲ್ಲಿ ಉಜ್ಜಿ ಬೆಳ್ಳಗೆ ಮಾಡಿ, ಹಲ್ಲು ಇರುವ ಸ್ಟಾರ್ ವಾಷರ್ ಕೊಟ್ಟು ಬಿಗಿದೆ. ಬಿಗಿದ ಮೇಲೆ ಹೊರಗಿನಿಂದ ದಪ್ಪಗೆ ಗ್ರೀಸ್. ಎಂಜಿನ್ ಅಲುಗಾಡುವ ವಸ್ತು, ಕೇಬಲ್ ಸ್ವಲ್ಪ ಸಡಿಲವಾಗಿ ಬಾಗಿರಬೇಕು, ಎಳೆದು ಕಟ್ಟಬಾರದು. ಚೋಕ್ ಕೇಬಲ್ ಮತ್ತೊಂದು ಹಾಕಲೇಬೇಕಾಯಿತು.

ಆಮೇಲಿನ ಮೀಟರ್ ಲೆಕ್ಕ: ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್ನಿಗೆ 0.1. ಪಾಸಿಟಿವ್ ಕಡೆ 0.4. ಸೆಲ್ಫ್ ಹೊಡೆಯುವಾಗ ಬ್ಯಾಟರಿ 10.3. ಹೌದು, ಮೊದಲಿಗಿಂತ ಕಡಿಮೆ. ಟೀಚರ್ ತಕ್ಷಣ ಹಿಡಿದರು: “ಇದು ಇಳಿದಿದೆಯಲ್ಲ, ಹಾಳಾಯ್ತಾ?” ಹಾಳಾಗಿಲ್ಲ. ದಾರಿ ತೆರೆದ ಮೇಲೆ ಸೆಲ್ಫ್ ತನಗೆ ಬೇಕಾದಷ್ಟು ಕರೆಂಟ್ ಎಳೆಯುತ್ತಿದೆ, ಅದಕ್ಕೇ ಬ್ಯಾಟರಿ ಸ್ವಲ್ಪ ಜಾಸ್ತಿ ಬಾಗುತ್ತದೆ. ಸೆಲ್ಫ್‌ಗೆ ಈಗ ಸಿಗುತ್ತಿರುವುದು 9.8, ಮೊದಲು 7.8. ಬ್ಯಾಟರಿ ಒಂದನ್ನೇ ಅಳೆದಿದ್ದರೆ ಕಾರು ಮೊದಲೇ ಚೆನ್ನಾಗಿತ್ತು ಅಂತ ಅನ್ನಬೇಕಾಗುತ್ತಿತ್ತು. ಎಂಜಿನ್ ಓಡುವಾಗ ಚಾರ್ಜಿಂಗ್ 14.1, ಆಲ್ಟರ್ನೇಟರ್ ಬಗ್ಗೆ ಮಾತಿಲ್ಲ.

ಕೂಲಿ ತೆಗೆದುಕೊಳ್ಳಲಿಲ್ಲ. ಕಕ್ಕಡ ಹದಿನೆಂಟರ ಮದ್ದು ಸೊಪ್ಪಿನ ಪಾಯಸ ಸಿಕ್ಕಿತು. ಅದರ ಮರುದಿನದ ಮೂತ್ರದ ಬಣ್ಣದ ವಿಷಯ ಕೊಡಗಿನವರಿಗೆ ಹೇಳಬೇಕಾಗಿಲ್ಲ.

ಇನ್ನೊಂದು ಫೋನ್

ಆಗಸ್ಟ್ ಮುಗಿಯುವ ಮೊದಲು ಟೀಚರ್ ಮತ್ತೆ ಫೋನ್ ಮಾಡಿದರು. ರಾತ್ರಿಯಿಡೀ ಗಾಳಿ ಮಳೆ, ಶೆಡ್ ಒಳಗೂ ಎರಚಲು. “ಸ್ಟಾರ್ಟ್ ಆಗ್ತಿಲ್ಲ ಕಣಪ್ಪಾ.” ಅದೇ ಮಾತು. ಫೋನನ್ನು ಕಿಟಕಿಯ ಹೊರಗೆ ಹಿಡಿದು ಸೆಲ್ಫ್ ಹೊಡೆಯಿರಿ ಅಂದೆ. ಸದ್ದು ಚುರುಕಾಗಿತ್ತು, ನರಳಾಟ ಇಲ್ಲ. ಇದು ಬೇರೆ ಕಾಯಿಲೆ. ಚೆನ್ನಾಗಿ ತಿರುಗುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ, ಅದೂ ಒದ್ದೆ ದಿನ ಮಾತ್ರ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಣ ಬಟ್ಟೆಯಲ್ಲಿ ಒಳಗೂ ಹೊರಗೂ ಒರೆಸಿಸಿ ಅಂದೆ. ರೈಟರು ಒರೆಸಿಕೊಟ್ಟರು, ಕಾರು ಎದ್ದಿತು.

ಸಂಜೆ ಹೋಗಿ ಕ್ಯಾಪ್ ನೋಡಿದೆ. ಒಳಗೆ ಎರಡು ಟರ್ಮಿನಲ್ ನಡುವೆ ತೆಳ್ಳನೆಯ ಕಪ್ಪು ಗೆರೆ. ತೇವ ಇದ್ದಾಗ ಕಿಡಿ ಪ್ಲಗ್‌ಗೆ ಹೋಗದೆ ಅಲ್ಲೇ ಹರಿದು ಸುಟ್ಟ ಗುರುತು. ಒಮ್ಮೆ ಈ ಗೆರೆ ಬಿದ್ದರೆ ಒರೆಸಿದರೆ ಹೋಗುವುದಿಲ್ಲ, ಮುಂದಿನ ಒದ್ದೆ ದಿನ ಅದೇ ದಾರಿ ಹಿಡಿಯುತ್ತದೆ. ಕತ್ತಲಾದ ಮೇಲೆ ಎಂಜಿನ್ ಓಡಿಸಿ, ಪ್ಲಗ್ ವಯರ್‌ಗಳ ಮೇಲೆ ಸ್ಪ್ರೇ ಬಾಟಲಿಯಿಂದ ಒಂಚೂರು ನೀರಿನ ಹನಿ ಬಿಟ್ಟೆ. ಕೈ ದೂರ ಇಟ್ಟುಕೊಂಡೇ ಮಾಡಬೇಕು ಇದನ್ನು, ಸಾವಿರಾರು ವೋಲ್ಟ್ ಇರುತ್ತದೆ. ಕಾಯಿಲ್‌ನಿಂದ ಬರುವ ವಯರ್ ಮೇಲೂ ನೀಲಿ ಕಿಡಿ ಕಂಡಿತು, ಅಂದರೆ ವಯರ್‌ಗಳೂ ಕಿಡಿ ಸೋರಿಸುತ್ತಿದ್ದವು.

ಕ್ಯಾಪ್ ಮತ್ತು ರೋಟರ್ ಬದಲಾದವು. ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತರೂ ಇಂಥ ಸಾಮಾನು ಇನ್ನೂ ಸಿಗುತ್ತವೆ, ಇದರ ಪುಣ್ಯ. ಪ್ಲಗ್ ವಯರ್ ಸೆಟ್ ಮಾತ್ರ ಅವತ್ತು ಅಂಗಡಿಯಲ್ಲಿ ಇರಲಿಲ್ಲ. ಹಳೆಯದನ್ನೇ ಒರೆಸಿ ಹಾಕಿದ್ದೇವೆ. ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲೆ ಕಾಫಿ ಕೊಯ್ಲು ಶುರುವಾದರೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಮುಂದಿನ ಜೂನ್‌ಗೆ ಮೊದಲು ಅದನ್ನು ಬದಲಿಸಬೇಕು ಅಂತ ಟೀಚರ್ ಬಿಲ್ ಅಂಟಿಸುವ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಪಕ್ಕದಲ್ಲಿ ನನ್ನ ಹೆಸರು.